ಕೋಟೆ, ಗಾಳಿಯಂತ್ರ ಮತ್ತು ಕೆರೆ: ಒಂದು ಸೈಕಲ್ ಹಾದಿಯ ವಿಚಾರ

(ಗುಡ್ಡಗಾಡಿನ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಕೂಡ್ಲಿಗಿಯ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಕೋಟೆಗಳನ್ನೂ ಗಾಳಿಯಂತ್ರಗಳನ್ನೂ ಜೋಡಿಸುವ ಒಂದು ಸೈಕಲ್ ಹಾದಿಯನ್ನು ಗುರುತಿಸಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇದೆ. ಯೂರೋಪಿನ ಕಡಲ ತೀರದಲ್ಲಿ ಹಳೆಯ ಗಾಳಿಗಿರಣಿಗಳನ್ನೂ ದುರ್ಗಗಳನ್ನೂ ನೋಡುತ್ತ ಜನರು ಸೈಕಲ್ ತುಳಿಯುವ ಚಿತ್ರಗಳನ್ನು ನೀವು ಕಂಡಿದ್ದೀರಿ. ನಮ್ಮಲ್ಲಿಯೂ ಎರಡೂ ಇವೆಯಲ್ಲ ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನು ಒಬ್ಬ ಕೃಷಿ ವಿಜ್ಞಾನಿಯ ಮುಂದೆ ಏಕೆ ಇಟ್ಟಿರೆಂದು ಮೊದಲು ನನಗೆ ಆಶ್ಚರ್ಯವಾಯಿತು. ವಿಚಾರ ಮಾಡುತ್ತ ಹೋದಂತೆ ಇದು ಮಣ್ಣಿನ ಮತ್ತು ನೀರಿನ ಪ್ರಶ್ನೆಯೇ ಎಂಬುದು ಸ್ಪಷ್ಟವಾಯಿತು. ಆದ್ದರಿಂದ ಬಂದಿದ್ದೇನೆ.

ನಮ್ಮ ಸೀಮೆಯ ಗುರುತು ಆಗಾಗ ಬದಲಾಗುತ್ತಲೇ ಬಂದಿದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಇದ್ದಲ್ಲಿಯೇ ಇದ್ದು ಇಷ್ಟು ಪ್ರಯಾಣ ಮಾಡಿದ ತಾಲ್ಲೂಕು ಅಪರೂಪ. ಕಡತಗಳ ಗಡಿ ಹೀಗೆ ಸರಿಯುತ್ತಿದ್ದರೂ ಗುಡ್ಡ ಮತ್ತು ಹಳ್ಳಗಳ ಗಡಿ ಸರಿಯುವುದಿಲ್ಲ. ನಮ್ಮ ಹಾದಿಯನ್ನು ಗುರುತಿಸುವಾಗ ಈ ಎರಡನೆಯ ಗಡಿಯನ್ನು ಅನುಸರಿಸಬೇಕೆಂದು ನನ್ನ ಅಭಿಪ್ರಾಯ.

ಮೊದಲು ಗಾಳಿಯ ಮಾತನ್ನಾಡೋಣ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಿಂದ ಬರುವ ನೈರುತ್ಯ ಮಾರುತವು ಘಟ್ಟವನ್ನು ಏರುವಾಗ ತನ್ನ ನೀರನ್ನು ಅಲ್ಲಿಯೇ ಸುರಿದುಬಿಡುತ್ತದೆ. ಘಟ್ಟ ದಾಟಿ ನಮ್ಮಲ್ಲಿಗೆ ಬರುವಾಗ ಮಳೆ ಕಡಿಮೆಯಾಗಿರುತ್ತದೆ, ಗಾಳಿಯ ವೇಗ ಮಾತ್ರ ಉಳಿದಿರುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಸೀಮೆಯಲ್ಲಿ ಆಷಾಢದ ಗಾಳಿಗೆ ಮಾತ್ರ ಬರಗಾಲವಿಲ್ಲ. ಯಾವ ಕಾರಣಕ್ಕೆ ನಾವು ಬರಪೀಡಿತರೋ ಅದೇ ಕಾರಣಕ್ಕೆ ನಾವು ಗಾಳಿಯಲ್ಲಿ ಶ್ರೀಮಂತರು. ಗದಗ, ಚಿತ್ರದುರ್ಗ ಮತ್ತು ನಮ್ಮ ಸೀಮೆಯ ಗುಡ್ಡಸಾಲುಗಳ ಮೇಲೆ ಇಷ್ಟೊಂದು ಯಂತ್ರಗಳು ನಿಲ್ಲಲು ಇದೇ ಮೂಲ. ಗಾಳಿಯ ವೇಗ ಎರಡು ಪಟ್ಟಾದರೆ ಅದರಿಂದ ದೊರೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ಆದ್ದರಿಂದಲೇ ಕಂಪನಿಗಳು ಬಯಲನ್ನು ಬಿಟ್ಟು ಗುಡ್ಡದ ನೆತ್ತಿಯನ್ನು ಹುಡುಕಿಕೊಂಡು ಬಂದವು. ಕರ್ನಾಟಕದಲ್ಲಿ ಸ್ಥಾಪಿತವಾಗಿರುವ ಗಾಳಿ ವಿದ್ಯುತ್ ಸಾಮರ್ಥ್ಯ ಇಂದು 7,000 ಮೆಗಾವ್ಯಾಟನ್ನು ದಾಟಿದೆ.

ಇಷ್ಟು ಗಾಳಿಯಿದ್ದ ನಾಡಿನಲ್ಲಿ ನಮ್ಮ ಹಿರಿಯರು ಹಾಲೆಂಡಿನವರಂತೆ ಗಾಳಿಗಿರಣಿಯನ್ನು ಏಕೆ ಕಟ್ಟಲಿಲ್ಲ? ವಿದ್ಯಾರ್ಥಿಯೊಬ್ಬಳು ಈ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಳುಹಿಸಿದ್ದಾಳೆ. ಒಳ್ಳೆಯ ಪ್ರಶ್ನೆ. ನಮ್ಮ ಗಾಳಿ ಜೋರಾಗಿ ಬೀಸುವುದು ಬಿತ್ತನೆಯ ಕಾಲದಲ್ಲಿ. ಜೋಳ, ಸಜ್ಜೆ, ನವಣೆ ಕಣಕ್ಕೆ ಬಂದು ಬೀಸುವ ಕೆಲಸ ಮೊದಲಾಗುವಾಗ ಗಾಳಿ ಬಿದ್ದಿರುತ್ತದೆ. ರಾಶಿ ತೂರಲು ಬೇಕಾಗುವಷ್ಟು ಗಾಳಿಗೂ ಕಣದಲ್ಲಿ ಮೊರ ಹಿಡಿದು ಕಾಯಬೇಕಾಗಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದು ಗಾಳಿ ಧಾರಾಳವಾಗಿದ್ದ ದಿನಗಳಲ್ಲಿ ಅಲ್ಲ. ಹೀಗಾಗಿ ಬೀಸುವ ಕೆಲಸ ಬೀಸುಕಲ್ಲಿನಲ್ಲಿ ಹೆಂಗಸರ ತೋಳಿಗೆ ಬಂದಿತು, ಎಣ್ಣೆ ತೆಗೆಯುವ ಕೆಲಸ ಗಾಣದ ಎತ್ತಿಗೆ ಹೋಯಿತು.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರ ದಶಕದಲ್ಲಿಯೇ ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿತ್ತು. ಅಂಥ ಯಂತ್ರಗಳು ನಮ್ಮ ಹೊಲಗಳಲ್ಲಿ ಬೇರೂರದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಗಾಳಿ ಇರುವಾಗ ಮಳೆಯ ನಿರೀಕ್ಷೆಯಿರುತ್ತದೆ, ಬೆಳೆಗೆ ನೀರು ಬೇಕಾಗುವ ಮಾಘ, ಫಾಲ್ಗುಣಗಳಲ್ಲಿ ರೆಕ್ಕೆ ತಿರುಗುವುದಿಲ್ಲ. ವಿದ್ಯುತ್ ಪಂಪ್‌ಸೆಟ್ ಬಂದ ಮೇಲೆ ಯಾರೂ ಗಾಳಿಗಾಗಿ ಕಾಯಲಿಲ್ಲ.

ಹಾಲೆಂಡಿನ ಕಥೆ ಬೇರೆ. ಆ ದೇಶದ ಸುಮಾರು ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ನೆಲವನ್ನು ಉಳಿಸಿಕೊಳ್ಳಬೇಕಾದರೆ ನೀರನ್ನು ಹೊರಗೆ ಹಾಕಬೇಕು. ಕಿಂಡರ್‌ಡೈಕ್ ಎಂಬಲ್ಲಿ 18ನೆಯ ಶತಮಾನದಲ್ಲಿ, ಬಹುತೇಕ 1738 ಮತ್ತು 1740ರ ನಡುವೆ ಕಟ್ಟಿದ 19 ಗಾಳಿಗಿರಣಿಗಳು ಇಂದಿಗೂ ನಿಂತಿವೆ. ತಗ್ಗಿನ ಹೊಲಗಳ ನೀರನ್ನು ಮೇಲೆತ್ತಿ ನದಿಗೆ ಬಿಡುವುದೇ ಅವುಗಳ ಕೆಲಸವಾಗಿತ್ತು. 1997ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪೇನಿನ ಕಾನ್ಸುಯೆಗ್ರಾ ಎಂಬ ಊರಿನಲ್ಲಿ ಒಂದೇ ಗುಡ್ಡದ ಬೆನ್ನಿನ ಮೇಲೆ ಹಳೆಯ ಕೋಟೆ ಮತ್ತು ಹಿಟ್ಟಿನ ಗಾಳಿಗಿರಣಿಗಳು ಸಾಲಾಗಿ ನಿಂತಿವೆ. ಅವರು ನೀರನ್ನು ಹೊರಹಾಕಲು ಗಾಳಿಯನ್ನು ದುಡಿಸಿಕೊಂಡರು. ನಮ್ಮವರು ನೀರನ್ನು ತಡೆದು ನಿಲ್ಲಿಸಲು ಏರಿ ಕಟ್ಟಿದರು. ಹಾಲೆಂಡಿನಲ್ಲಿ ಗಾಳಿಗಿರಣಿಗೆ ಯಾವ ಸ್ಥಾನವೋ ನಮ್ಮಲ್ಲಿ ಕೆರೆಗೆ ಅದೇ ಸ್ಥಾನ. ಅಲ್ಲಿನ ಸೈಕಲ್ ಹಾದಿಯನ್ನು ನಾವು ನಕಲು ಮಾಡುವುದಾದರೆ ಅಲ್ಲಿನ ಗಿರಣಿಯ ಜಾಗದಲ್ಲಿ ಇಲ್ಲಿ ನಿಲ್ಲಬೇಕಾದದ್ದು ಗುಡ್ಡದ ಮೇಲಿನ ಫ್ಯಾನು ಅಲ್ಲ, ಗುಡ್ಡದ ಕೆಳಗಿನ ಕೆರೆ.

ಈಗ ಕೋಟೆಗಳಿಗೆ ಬರೋಣ. 1565ರ ನಂತರ ವಿಜಯನಗರದ ಹಿಡಿತ ಸಡಿಲವಾದಂತೆ ಈ ಸೀಮೆಯಲ್ಲಿ ಪಾಳೆಯಗಾರರು ತಲೆಯೆತ್ತಿದರು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಕೋಟೆಗಳು ಆ ಕಾಲವನ್ನು ನೆನಪಿಸುವಂಥವು. ಉಚ್ಚಂಗಿದುರ್ಗ ಇವೆಲ್ಲಕ್ಕಿಂತ ಬಹಳ ಹಳೆಯದು; ನೊಳಂಬವಾಡಿಯನ್ನು ಆಳಿದ ಪಾಂಡ್ಯರ ರಾಜಧಾನಿ ಅದು. ಗುಡೇಕೋಟೆ ಒನಕೆ ಓಬವ್ವನ ತವರೆಂದು ಈ ಭಾಗದ ಜನ ಅಭಿಮಾನದಿಂದ ಹೇಳುತ್ತಾರೆ. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟನು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಅಧಿಕಾರವನ್ನು ಕಳೆದನು. ಆ ಮೇಲೆ ಕೋಟೆಗಳು ಮೇಕೆಗಳ ಪಾಲಾದವು, ನಿಧಿ ಹುಡುಕುವವರ ಪಾಲೂ ಆದವು. ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದ ಶಿಖರಕ್ಕೆ ಎಣ್ಣೆ ಎರೆಯುವ ಉತ್ಸವದಲ್ಲಿ ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆಗೆ ಇಂದಿಗೂ ಗೌರವವಿದೆ. ಕೋಟೆ ಬಿದ್ದರೂ ವಾಡಿಕೆ ಬೀಳಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕೋಟೆಗಳ ಕೆಳಗಿನ ಕಲ್ಲು. ನೀವು ಸೈಕಲ್ ಮೇಲೆ ಗುಡೇಕೋಟೆಯಿಂದ ಪಶ್ಚಿಮಕ್ಕೆ ಹೊರಟರೆ ಗುಡ್ಡಗಳ ಆಕಾರ ಬದಲಾಗುವುದನ್ನು ಗಮನಿಸುತ್ತೀರಿ. ಗುಡೇಕೋಟೆ, ಜರಿಮಲೆಗಳ ಕಡೆ ಬೆಣಚುಕಲ್ಲಿನ ಬೋಳು ಬಂಡೆಗಳು, ಒಂದರ ಮೇಲೊಂದು ಇಟ್ಟಂತಹ ಗುಂಡುಗಳು. ಇದು ಗ್ರಾನೈಟಿನ ನಾಡು. ಹಡಗಲಿ ತಾಲ್ಲೂಕಿನ ಸೋಗಿಯ ಕಡೆ ಹೋದರೆ ದುಂಡನೆಯ ಬೆನ್ನಿನ, ಹುಲ್ಲು ಹೊದ್ದ, ಉದ್ದುದ್ದ ಮಲಗಿದ ಗುಡ್ಡಗಳು. ಅದು ಪದರುಗಲ್ಲಿನ ನಾಡು. ಬಹುಮಟ್ಟಿಗೆ ಹೇಳುವುದಾದರೆ ಕೋಟೆ ಗ್ರಾನೈಟನ್ನು ಆರಿಸಿಕೊಂಡಿತು, ಗಾಳಿಯಂತ್ರ ಪದರುಗಲ್ಲನ್ನು ಆರಿಸಿಕೊಂಡಿತು. ಕೋಟೆ ಕಟ್ಟುವವನಿಗೆ ಗೋಡೆಯಂತೆ ನಿಂತ ಬಂಡೆ ಬೇಕು, ಬಂಡೆಯ ಕುಳಿಗಳಲ್ಲಿ ನಿಲ್ಲುವ ಮಳೆನೀರು ಬೇಕು, ಹತ್ತಲು ಒಂದೇ ಕಿರಿದಾದ ದಾರಿ ಇದ್ದರೆ ಇನ್ನೂ ಒಳ್ಳೆಯದು. ಗಾಳಿಯಂತ್ರ ನಿಲ್ಲಿಸುವವನಿಗೆ ಉದ್ದನೆಯ ನೆತ್ತಿ ಬೇಕು, ಅಗೆಯಲು ಬರುವ ಮಣ್ಣು ಬೇಕು, ಲಾರಿ ಹತ್ತುವಷ್ಟು ಅಗಲವಾದ ರಸ್ತೆ ಬೇಕು. ಇಂದಿನ ಯಂತ್ರದ ಒಂದು ರೆಕ್ಕೆಯೇ 50 ಮೀಟರಿಗಿಂತ ಉದ್ದ. ಅಂಥದನ್ನು ಹೊತ್ತ ಲಾರಿ ತಿರುಗಬೇಕಾದರೆ ಗುಡ್ಡದ ಪಕ್ಕವನ್ನೇ ಕಡಿಯಬೇಕು.

ಈ ಕೊನೆಯ ಮಾತಿನಲ್ಲಿ ನಮ್ಮ ಸಮಸ್ಯೆ ಅಡಗಿದೆ. ಗಾಳಿಯಂತ್ರದ ಬುಡಕ್ಕೆ ಬೇಕಾದ ಜಾಗ ದೊಡ್ಡದೇನಲ್ಲ. ಹಾನಿ ಬಹುಪಾಲು ರಸ್ತೆಯಿಂದ. ಗುಡ್ಡದ ಇಳಿಜಾರಿನಲ್ಲಿ ಮಳೆನೀರು ಹುಲ್ಲಿನ ನಡುವೆ ತೆಳ್ಳಗೆ ಹರಡಿಕೊಂಡು ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಸ್ವಲ್ಪ ಇಂಗುತ್ತದೆ. ಅಡ್ಡಲಾಗಿ ಒಂದು ರಸ್ತೆಯನ್ನು ಕಡಿದ ಕೂಡಲೇ ಮೇಲಿನ ನೀರೆಲ್ಲ ರಸ್ತೆಯ ಪಕ್ಕದ ಚರಂಡಿಗೆ ಬೀಳುತ್ತದೆ. ಚರಂಡಿ ಅದನ್ನು ಕೂಡಿಸಿ ಒಂದೇ ಮೋರಿಯಲ್ಲಿ ಹೊರಬಿಡುತ್ತದೆ. ಹರಡಿಕೊಂಡಿದ್ದಾಗ ಮಣ್ಣನ್ನು ಅಲುಗಿಸಲಾರದ ನೀರು ಒಟ್ಟುಗೂಡಿದಾಗ ಕೊರಕಲು ಕೊರೆಯುತ್ತದೆ. ಲೆಕ್ಕ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಿ. ಆರು ಮೀಟರ್ ಅಗಲದ, ಒಂದು ಕಿಲೋಮೀಟರ್ ಉದ್ದದ ರಸ್ತೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು 60,000 ಲೀಟರ್ ನೀರು. ಗಟ್ಟಿಯಾಗಿ ಅದುಮಿದ ರಸ್ತೆಯಲ್ಲಿ ಇದು ಬಹುತೇಕ ಇಂಗುವುದಿಲ್ಲ. ಮೇಲಿನ ಇಳಿಜಾರಿನ ನೀರನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ಆ ಕೊರಕಲಿನ ಮಣ್ಣು ಎಲ್ಲಿಗೆ ಹೋಗುತ್ತದೆ? ಮೊದಲು ಕೆಳಗಿನ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆ ಕೋಡಿ ಬಿದ್ದರೆ ಕೊನೆಗೆ ತುಂಗಭದ್ರೆಗೆ. 1953ರಲ್ಲಿ ನೀರು ತುಂಬಿಸಲಾರಂಭಿಸಿದ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಇಂದು ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಈ ಹೂಳಿಗೆಲ್ಲ ಗಾಳಿಯಂತ್ರದ ರಸ್ತೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಂಥ ಮಾತು ಸುಳ್ಳಾಗುತ್ತದೆ. ಮಲೆನಾಡಿನಿಂದ ಇಲ್ಲಿಯವರೆಗಿನ ಹೊಲ, ಗಣಿ, ಕಾಡು ಎಲ್ಲದರ ಮಣ್ಣೂ ಅದರಲ್ಲಿದೆ. ಆದರೆ ಜಲಾಶಯದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಆದದ್ದು ನಮ್ಮ ಊರ ಕೆರೆಯಲ್ಲಿ ಸಣ್ಣ ಪ್ರಮಾಣದಲ್ಲಿ, ಬೇಗ ಬೇಗ ಆಗುತ್ತದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪಂಪ್ ಮಾಡಿ ತುಂಬಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡದ್ದು ನಿಮಗೆ ಗೊತ್ತಿದೆ. ರೈತರ ಬಹುಕಾಲದ ಬೇಡಿಕೆ ಅದು, ನಾನು ಅದನ್ನು ಹೀಗಳೆಯುವುದಿಲ್ಲ. ಆದರೂ ಒಂದು ವಿಪರ್ಯಾಸ ಕಣ್ಣಿಗೆ ಬೀಳುತ್ತದೆ. ಗುಡ್ಡದ ಮೇಲೆ ವಿದ್ಯುತ್ ತಯಾರಾಗುತ್ತದೆ. ಆ ಗುಡ್ಡದಿಂದ ತಾನಾಗಿ ಇಳಿದು ಕೆರೆ ತುಂಬಬೇಕಾಗಿದ್ದ ನೀರು ಹೂಳನ್ನು ಹೊತ್ತು ತರುತ್ತದೆ. ಹೂಳು ತುಂಬಿದ ಕೆರೆಗೆ ವಿದ್ಯುತ್ ಖರ್ಚು ಮಾಡಿ ನದಿಯಿಂದ ನೀರು ಏರಿಸಬೇಕಾಗುತ್ತದೆ.

ನಾನು ಗಾಳಿಯಂತ್ರದ ವಿರೋಧಿಯಲ್ಲ. ಕಲ್ಲಿದ್ದಲು ಸುಡುವ ಸ್ಥಾವರದ ಬೂದಿಯ ಪಕ್ಕದಲ್ಲಿ ಬಾಳುವ ಹಳ್ಳಿಗಳನ್ನು ಕಂಡವರು ಯಾರೂ ಹಾಗೆ ವಿರೋಧಿಯಾಗಲಾರರು. ಸೊಂಡೂರಿನ ಗುಡ್ಡಗಳಿಗೆ ಗಣಿಯಿಂದ ಆದ ಗತಿಯನ್ನೂ ನಾವು ನೋಡಿದ್ದೇವೆ. ಅದರ ಮುಂದೆ ಇದು ಸಣ್ಣ ಗಾಯ. ಆದರೆ ಸಣ್ಣ ಗಾಯಕ್ಕೂ ಮದ್ದು ಬೇಕು, ಮದ್ದು ಇದೆ ಎಂಬುದೂ ಮುಖ್ಯ. ರಸ್ತೆಗೆ ಅಲ್ಲಲ್ಲಿ ಅಡ್ಡಗಾಲುವೆ ಕೊಟ್ಟು ನೀರನ್ನು ಮತ್ತೆ ಹರಡಿಸುವುದು, ಮೋರಿಯ ಬಾಯಲ್ಲಿ ಕಲ್ಲು ಹಾಸುವುದು, ಕೊರಕಲಿಗೆ ಕಲ್ಲುತಡೆ ಕಟ್ಟುವುದು, ಕಡಿದ ದಿಬ್ಬದ ಮೇಲೆ ಲಾವಂಚ ಮತ್ತು ಸ್ಥಳೀಯ ಹುಲ್ಲು ಹಚ್ಚುವುದು. ಇವು ಜಲಾನಯನ ಯೋಜನೆಗಳಲ್ಲಿ ಕೆಲಸ ಮಾಡಿದ ಯಾವ ರೈತನಿಗೂ ಗೊತ್ತಿರುವ ಕೆಲಸಗಳು. ಯಂತ್ರ ನಿಲ್ಲಿಸುವ ವರ್ಷ ಎಲ್ಲರೂ ಗುಡ್ಡದ ಮೇಲೆ ಇರುತ್ತಾರೆ. ಮೂರನೆಯ ಮಳೆಗಾಲದಲ್ಲಿ ಚರಂಡಿ ಕುಸಿದಾಗ ಕೇಳುವವರು ಇರುವುದಿಲ್ಲ.

ಏಕೆ ಇರುವುದಿಲ್ಲ ಎಂಬುದಕ್ಕೆ ಕಾನೂನಿನಲ್ಲಿಯೂ ಒಂದು ಕಾರಣವಿದೆ. 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಸೇರಿಲ್ಲ. ಅರಣ್ಯ ಭೂಮಿಯಾದರೆ ಅರಣ್ಯ ಕಾಯಿದೆಯ ಅನುಮತಿ ಬೇಕು, ಅದು ನಿಜ. ಆದರೆ ಗಣಿಗೆ ನಡೆಯುವಂತಹ ಸಾರ್ವಜನಿಕ ಅಹವಾಲು ಸಭೆ ಇಲ್ಲಿ ಕಡ್ಡಾಯವಲ್ಲ. ಗುಡ್ಡದ ಕೆಳಗಿನ ರೈತ ತನ್ನ ಹೊಲಕ್ಕೆ ಮರಳು ನುಗ್ಗಿತೆಂದು ಹೇಳಲು ಗೊತ್ತಾದ ವೇದಿಕೆಯೇ ಇಲ್ಲ.

ಪಕ್ಷಿಗಳ ವಿಚಾರದಲ್ಲಿಯೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರಗಳಿರುವ ಕಡೆ ಹದ್ದು, ಗಿಡುಗಗಳಂತಹ ಬೇಟೆಗಾರ ಹಕ್ಕಿಗಳು ಬಹಳ ಕಡಿಮೆ ಇದ್ದವು. ಹಕ್ಕಿಗಳ ಭಯ ಕಡಿಮೆಯಾದುದರಿಂದ ಓತಿಕೇತಗಳು ಹೆಚ್ಚಾಗಿದ್ದವು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ಒಂದು ಯಂತ್ರ ಬಂದು ಹಕ್ಕಿಯ ಜಾಗ ತೆಗೆದುಕೊಂಡರೆ ಅದರ ಕೆಳಗಿನ ಸರಪಳಿಯೆಲ್ಲ ಕದಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಹುಲ್ಲುಗಾವಲು ಗುಡ್ಡಗಳಲ್ಲಿ ಏನಾಗಿದೆ? ನೋಡಿ ಬರೆದಿಡುವವರು ಬೇಕಾಗಿದ್ದಾರೆ.

ಇಷ್ಟು ಹೇಳಿದ ಮೇಲೆ ನಿಮ್ಮ ಸೈಕಲ್ ಹಾದಿಗೆ ಮರಳುತ್ತೇನೆ. ಬೆಲ್ಜಿಯಂ ದೇಶದಲ್ಲಿ ಲಿಂಬರ್ಗ್ ಎಂಬ ಪ್ರಾಂತವಿದೆ. ಅದು ಕಲ್ಲಿದ್ದಲ ಗಣಿಗಳ ನಾಡು. ಅಲ್ಲಿನ ಕೊನೆಯ ಗಣಿ 1992ರಲ್ಲಿ ಮುಚ್ಚಿತು. ಹ್ಯೂಗೊ ಬೋಲೆನ್ ಎಂಬ ಗಣಿ ಇಂಜಿನಿಯರ್ ಒಬ್ಬರು ಅಲ್ಲಿ ಒಂದು ಸರಳ ಉಪಾಯ ಮಾಡಿದರು. ಹೊಸ ರಸ್ತೆಗಳಿಗೆ ಕೈಹಾಕುವ ಬದಲು ಇದ್ದ ಹಾದಿಗಳು ಕೂಡುವ ಪ್ರತಿಯೊಂದು ಗಂಟಿಗೂ ಒಂದು ಅಂಕಿ ಕೊಟ್ಟರು. ಸೈಕಲ್ ಸವಾರ ಮನೆಯಲ್ಲಿ ಕೂತು ತನಗೆ ಬೇಕಾದ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು, ಫಲಕದಿಂದ ಫಲಕಕ್ಕೆ ಹೋಗುತ್ತಾನೆ. 1995ರಲ್ಲಿ ಆರಂಭವಾದ ಈ ಪದ್ಧತಿ ಬೆಲ್ಜಿಯಂನಲ್ಲಿಯೂ ಹಾಲೆಂಡಿನಲ್ಲಿಯೂ ಹಬ್ಬಿತು. ಗಣಿ ಮುಚ್ಚಿದ ನಾಡಿನಿಂದ ಬಂದ ಈ ಉಪಾಯ ಬಳ್ಳಾರಿ ಸೀಮೆಯವರಾದ ನಮಗೆ ಹತ್ತಿರದ್ದು.

ನಮ್ಮಲ್ಲಿ ಗಂಟುಗಳು ಕೆರೆಗಳಾಗಲಿ ಎಂದು ನನ್ನ ಸಲಹೆ. ಪ್ರತಿ ಕೆರೆಯ ಏರಿಯ ಮೇಲೆ ಒಂದು ಕಲ್ಲು, ಕಲ್ಲಿನ ಮೇಲೆ ಒಂದು ಅಂಕಿ. ಕೆರೆಯ ಏರಿಯಿಂದ ಮುಂದಿನ ಕೆರೆಯ ಏರಿಗೆ ಬಂಡಿಜಾಡು ಇದ್ದೇ ಇದೆ. ಗುಡೇಕೋಟೆಯಿಂದ ಕೂಡ್ಲಿಗಿಗೆ, ಅಲ್ಲಿಂದ ಉಜ್ಜಿನಿಯ ಮೇಲೆ ಕೊಟ್ಟೂರಿಗೆ, ಕೊಟ್ಟೂರ ಕೆರೆಯಿಂದ ಹರಪನಹಳ್ಳಿಗೆ, ಪಕ್ಕದ ಬಾಗಳಿಯ ಕಲ್ಲೇಶ್ವರ ಮತ್ತು ನೀಲಗುಂದದ ಭೀಮೇಶ್ವರ ದೇಗುಲಗಳನ್ನು ನೋಡಿಕೊಂಡು ತುಂಗಭದ್ರೆಯ ದಡದ ಕುರುವತ್ತಿಗೆ, ನದಿಯ ಬದಿಯಲ್ಲಿ ಹಡಗಲಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಬಂದು ಮಾಲವಿ ಜಲಾಶಯ ಮತ್ತು ಅಂಕಸಮುದ್ರ. ಉಚ್ಚಂಗಿದುರ್ಗ ದೂರವಾಗುತ್ತದೆ, ಹರಪನಹಳ್ಳಿಯಲ್ಲಿ ಒಂದು ದಿನ ಹೆಚ್ಚು ಉಳಿಯುವವರು ಅಲ್ಲಿಗೆ ಹೋಗಲಿ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಮುಟ್ಟುವುದರಿಂದ ದಣಿದವರಿಗೆ ಹಿಂತಿರುಗುವ ದಾರಿಯೂ ಉಂಟು. ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಗೆ ಮಾತ್ರ ಸೈಕಲ್ ಇಳಿಸಬೇಡಿ. ಅಲ್ಲಿ ಲಾರಿಗಳಿಗೆ ನಾವು ಕಾಣುವುದಿಲ್ಲ.

ಕಡಲಿಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ನಿಂತರೆ ಆಚೆಯ ದಡ ಕಾಣದ ದಿನಗಳಿವೆ. ಈ ದಂಡೆ ಒಂದೇ ಕಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೀರು ಬಹುದೂರ ಹಿಂದೆ ಸರಿದಾಗ ರೈತರು ಆ ಹಸಿ ನೆಲದಲ್ಲಿ ಬೆಳೆ ತೆಗೆಯುತ್ತಾರೆ. ಆ ನೀರಿನ ಕೆಳಗೆ ಮುಳುಗಿದ ಊರುಗಳ ಜನ ಇಂದಿಗೂ ನಮ್ಮ ನಡುವೆ ಇದ್ದಾರೆ, ಅವರ ಮಾತನ್ನೂ ಕೇಳಿ. ಅಂಕಸಮುದ್ರದ ಕೆರೆ ಹಿನ್ನೀರಿಗೆ ಸಮೀಪದಲ್ಲಿಯೇ ಇದೆ. ಊರಿನ ಹೊಲಗಳಿಗೆ ನೀರುಣಿಸಲು ಶತಮಾನಗಳ ಹಿಂದೆ ಕಟ್ಟಿದ, 98.76 ಹೆಕ್ಟೇರ್ ವಿಸ್ತಾರದ ಕೆರೆ ಅದು. ನೀರಿನಲ್ಲಿ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದವು, ಊರವರು ಅವನ್ನು ಓಡಿಸಲಿಲ್ಲ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. 2024ರಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೊಂದಿಗೆ ರಾಮ್ಸಾರ್ ಪಟ್ಟಿಗೆ ಸೇರಿತು. ಯಾವ ಪಾಳೆಯಗಾರನ ಕೋಟೆಗೂ ದೊರೆಯದ ಜಾಗತಿಕ ಮನ್ನಣೆ ಒಂದು ನೀರಾವರಿ ಕೆರೆಗೆ ದೊರೆಯಿತು. ಹಾದಿಯ ಮೊದಲನೆಯ ಅಂಕಿಯ ಕಲ್ಲು ಅಲ್ಲಿ ನಿಲ್ಲಲಿ.

ಹಾದಿ ಗುಡ್ಡದ ತಪ್ಪಲಿನಲ್ಲಿ ಹೋಗಬೇಕು, ನೆತ್ತಿಗೆ ಹತ್ತಬಾರದು. ಇದು ನನ್ನ ಎರಡನೆಯ ಸಲಹೆ, ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಸೈಕಲ್ ಹಾದಿಯ ಹೆಸರಿನಲ್ಲಿ ಗುಡ್ಡಕ್ಕೆ ಇನ್ನೊಂದು ಹೊಸ ರಸ್ತೆ ಕಡಿದರೆ ನಾನು ಮೇಲೆ ಹೇಳಿದ 60,000 ಲೀಟರಿನ ಲೆಕ್ಕ ನಮಗೂ ಅನ್ವಯಿಸುತ್ತದೆ. ಕಾಂಕ್ರೀಟು ಹಾಸಿ, ಕಮಾನು ಕಟ್ಟಿ, ಬಣ್ಣದ ದೀಪ ಹಾಕುವ ಯೋಜನೆಗಳು ಬಂದರೆ ಬೇಡವೆನ್ನಿ. ಗುಡೇಕೋಟೆಯ ಸುತ್ತಮುತ್ತ ಇನ್ನೊಂದು ಕಾರಣವೂ ಇದೆ. ಅದು 2013ರಲ್ಲಿ ಕರಡಿಧಾಮವಾದ ಪ್ರದೇಶ. ಬಂಡೆಗಳ ಸಂದಿನಲ್ಲಿ ಹಗಲು ಮಲಗುವ ಕರಡಿ ಸಂಜೆಗೆ ಹೊರಡುತ್ತದೆ. ಅದಕ್ಕೆ ಕಾರೆಹಣ್ಣು, ಸೀತಾಫಲ, ಗೆದ್ದಲು ಬೇಕು. ಅವು ಸಿಗದ ವರ್ಷ ಶೇಂಗಾ ಹೊಲಕ್ಕೆ ಬರುತ್ತದೆ. ಸಂಜೆ ಐದರ ಮೇಲೆ ಮತ್ತು ಬೆಳಕು ಹರಿಯುವ ಮುಂಚೆ ಆ ಕಡೆ ಸೈಕಲ್ ಬೇಡ. ಶಬ್ದವಿಲ್ಲದೆ ಬರುವ ವಾಹನ ಕರಡಿಗೆ ತಿಳಿಯುವುದಿಲ್ಲ, ಹತ್ತಿರದಲ್ಲಿ ಬೆಚ್ಚಿದ ಕರಡಿ ಬಹಳ ಅಪಾಯಕಾರಿ.

ಹಾದಿ ಹೊರಗಿನ ಪ್ರವಾಸಿಗರಿಗಾಗಿ ಎಂದು ನೀವು ಭಾವಿಸಿದ್ದರೆ ಸ್ವಲ್ಪ ಯೋಚಿಸಿ. ಈ ಬಂಡಿಜಾಡುಗಳಲ್ಲಿ ಸೈಕಲ್ ತುಳಿಯುವವರು ಯಾರು? ಹಾಲಿನ ಕ್ಯಾನು ಒಯ್ಯುವವರು, ಪ್ರೌಢಶಾಲೆಗೆ ಪಕ್ಕದೂರಿಗೆ ಹೋಗುವ ಮಕ್ಕಳು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿತು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಆ ಸೈಕಲ್ಲಿನಿಂದಲೇ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು ಈ ಸಭೆಯಲ್ಲಿಯೇ ಕೂತಿದ್ದಾರೆ. ಆ ಮಕ್ಕಳು ಹೋಗುವ ಹಾದಿಯ ತಗ್ಗು ಮುಚ್ಚಿದರೆ, ಹಳ್ಳಕ್ಕೆ ಒಂದು ಕಾಲುಸಂಕ ಹಾಕಿದರೆ, ಪ್ರವಾಸಿಗನೂ ಅದರ ಮೇಲೆಯೇ ಬರುತ್ತಾನೆ.

ಇನ್ನು ಗಾಳಿಯಂತ್ರಗಳು ಎಷ್ಟು ದಿನ ಇರುತ್ತವೆ? ಒಂದು ಯಂತ್ರದ ಆಯುಷ್ಯ ಸುಮಾರು 20ರಿಂದ 25 ವರ್ಷ. 2000ದ ದಶಕದಲ್ಲಿ ನಿಂತ ಯಂತ್ರಗಳಿಗೆ ಈಗ ಮುಪ್ಪು ಬಂದಿದೆ. ಹಳೆಯದನ್ನು ತೆಗೆದು ಹೆಚ್ಚು ಸಾಮರ್ಥ್ಯದ್ದನ್ನು ನಿಲ್ಲಿಸುವುದಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಒಂದು ನೀತಿಯನ್ನೂ 2023ರಲ್ಲಿ ಪರಿಷ್ಕೃತ ನೀತಿಯನ್ನೂ ಹೊರಡಿಸಿತು. ಹೊಸ ಯಂತ್ರ ದೊಡ್ಡದು, ಅದರ ರೆಕ್ಕೆ ಇನ್ನೂ ಉದ್ದ. ಆದ್ದರಿಂದ ಗುಡ್ಡದ ತಿರುವುಗಳನ್ನು ಮತ್ತೊಮ್ಮೆ ಕಡಿಯುವ ಸಂದರ್ಭ ಬರುತ್ತದೆ. ಉಕ್ಕಿನ ಕಂಬಕ್ಕೆ ಗುಜರಿಯಲ್ಲಿ ಬೆಲೆಯುಂಟು. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ರೆಕ್ಕೆಗಳನ್ನು ಕರಗಿಸಿ ಮತ್ತೆ ಬಳಸುವುದು ಸುಲಭವಲ್ಲ. ಅವನ್ನು ಯಾರು ಇಳಿಸುತ್ತಾರೆ, ಎಲ್ಲಿ ಹಾಕುತ್ತಾರೆ, ಬುಡದ ಕಾಂಕ್ರೀಟನ್ನು ಯಾರು ತೆಗೆಯುತ್ತಾರೆ, ಬೇಡವಾದ ರಸ್ತೆಯನ್ನು ಯಾರು ಮುಚ್ಚಿ ಹುಲ್ಲು ಹಚ್ಚುತ್ತಾರೆ ಎಂಬ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳುವ ಕಾಲ ಇದು. ಯಂತ್ರ ಇಳಿದ ಮೇಲೆ ಕೇಳಿದರೆ ಉತ್ತರ ಕೊಡುವವರು ಊರು ಬಿಟ್ಟಿರುತ್ತಾರೆ. ಭೂಮಿಯನ್ನು ಗುತ್ತಿಗೆಗೆ ಕೊಟ್ಟ ರೈತರು ತಮ್ಮ ಕರಾರು ಪತ್ರವನ್ನು ಪೆಟ್ಟಿಗೆಯಿಂದ ತೆಗೆದು ಓದಿಸಿಕೊಳ್ಳಿ. ಈ ವಿಷಯದಲ್ಲಿ ಅದು ಏನು ಹೇಳುತ್ತದೆಂದು ನೋಡಿ.

ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬಾರದು, ಅದಕ್ಕಾಗಿಯೇ ಸೈಕಲ್ ಬೇಕು. ಕಾರಿನಲ್ಲಿ ಹೋದವನಿಗೆ ಕೊರಕಲು ಕಾಣುವುದಿಲ್ಲ, ನಡೆದು ಹೋದವನು ಐದು ತಾಲ್ಲೂಕು ಮುಗಿಸಲಾರ. ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗುವವನಿಗೆ ಮಣ್ಣು ಕೆಂಪಿನಿಂದ ಎರೆಗೆ ತಿರುಗುವ ಜಾಗವೂ ಕಾಣುತ್ತದೆ, ಮೋರಿಯ ಕೆಳಗಿನ ಹೊಸ ಗಾಯವೂ ಕಾಣುತ್ತದೆ. ಪ್ರತಿ ಕೆರೆಯಲ್ಲಿ ನಿಂತಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ದಿನಾಂಕ, ನೀರಿನ ಮಟ್ಟ ತೂಬಿನ ಎಷ್ಟನೆಯ ಕಲ್ಲಿಗಿದೆ, ನೀರಿನ ಬಣ್ಣ, ಮೇಲಿನ ಗುಡ್ಡದಲ್ಲಿ ಎಷ್ಟು ಯಂತ್ರ, ಎಷ್ಟು ರಸ್ತೆ, ಹೊಸ ಕೊರಕಲು ಇದೆಯೇ, ಯಾವ ಹಕ್ಕಿ. ಕೊರಕಲಿನ ಬಾಯಿಯನ್ನು ಹಗ್ಗದಿಂದ ಅಳೆಯಿರಿ, ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ನಿಮ್ಮ ಟಿಪ್ಪಣಿಯ ಪ್ರತಿಯನ್ನು ಅಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಾರ್ವಜನಿಕ ಅಹವಾಲಿಗೆ ವೇದಿಕೆ ಇಲ್ಲದ ಕಡೆ ದಿನಾಂಕವಿರುವ ಅಳತೆಗೆ ಬೆಲೆ ಬರುತ್ತದೆ.

ಹೊರಡುವ ಕಾಲದ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಆಷಾಢ, ಶ್ರಾವಣಗಳಲ್ಲಿ ಪಶ್ಚಿಮದ ಗಾಳಿ ಎದೆಗೆ ಹೊಡೆಯುತ್ತದೆ. ಆಗ ಹೊರಡುವವರು ಹಡಗಲಿಯಿಂದ ಪೂರ್ವಕ್ಕೆ ಬನ್ನಿ, ಗಾಳಿ ಬೆನ್ನಿಗೆ ಇರುತ್ತದೆ. ಕೊರಕಲುಗಳನ್ನು ನೋಡಲು ಆ ಕಾಲವೇ ತಕ್ಕದ್ದು. ಹಕ್ಕಿ ನೋಡುವವರಿಗೆ ನವೆಂಬರ್‌ನಿಂದ ಜನವರಿಯವರೆಗೆ ಒಳ್ಳೆಯದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಹಿನ್ನೀರಿಗೆ ಬಂದಿರುತ್ತವೆ, ಗಾಳಿ ಪೂರ್ವದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಆಗ ಗುಡೇಕೋಟೆಯಿಂದ ಆರಂಭಿಸಿ. ಎರಡೂ ಕಾಲಗಳಲ್ಲಿ ಕೆರೆಯಂಗಳಗಳಲ್ಲಿ ಜಾಲಿ ಮುಳ್ಳು ಕಾದಿರುತ್ತದೆ. ಮೆಕ್ಸಿಕೋ ಕಡೆಯಿಂದ ಬಂದ ಆ ಗಿಡಕ್ಕೆ ಕನ್ನಡನಾಡಿನ ಜನ ಬಳ್ಳಾರಿ ಜಾಲಿ ಎಂದೇ ಹೆಸರಿಟ್ಟಿದ್ದಾರೆ, ಆ ಕೀರ್ತಿಯನ್ನು ನಾವು ಹೊತ್ತುಕೊಳ್ಳಲೇಬೇಕು. ಹೊಲದ ಬದುಗಳಲ್ಲಿ ನೆಗ್ಗಿಲುಮುಳ್ಳು ಬೇರೆ. ಪ್ರತಿ ಇಬ್ಬರಿಗೆ ಒಂದು ಪಂಪು, ಎರಡು ಟ್ಯೂಬು, ಪಂಕ್ಚರಿನ ಸಾಮಾನು ಇರಲಿ. ತಲಾ ಮೂರು ಲೀಟರ್ ನೀರು, ಅಳೆಯುವುದಕ್ಕೆ ಹತ್ತು ಮೀಟರಿನ ಗಂಟು ಹಾಕಿದ ಹಗ್ಗ, ಮಳೆಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟ್‌ಬುಕ್ಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಲ್ಲಿ, ಯಾವ ಕೆರೆ ಯಾರ ಪಾಲಿಗೆ ಎಂದು ಹಂಚಿಕೊಳ್ಳೋಣ.